ಸೈಡ್ ಏರ್‌ಬ್ಯಾಗ್ ಇರುವ ಕಾರಿಗೆ ಸ್ಪೋರ್ಟ್ ಸೀಟ್ ಹಾಕಿಸಬಹುದೇ?

ಪ್ರಶ್ನೆ (ಉಡುಪಿ):
ಶಿರಾಡಿ ಘಾಟಿಯ ತಿರುವುಗಳಲ್ಲಿ ಮೈ ಅತ್ತಿತ್ತ ವಾಲಿ ಸೊಂಟ ನೋಯುವುದರಿಂದ, ನನ್ನ ಕಾರಿನ ಮುಂದಿನ ಸೀಟುಗಳನ್ನು ತೆಗೆಸಿ, ಬದಿಗಳಲ್ಲಿ ಹೆಚ್ಚು ಆಧಾರ ಕೊಡುವ ಸ್ಪೋರ್ಟ್ ಸೀಟುಗಳನ್ನು ಹಾಕಿಸಬೇಕೆಂದಿದ್ದೇನೆ. ಕಾರಿನಲ್ಲಿ ಸೈಡ್ ಏರ್‌ಬ್ಯಾಗ್ ಇದೆ. ಮೊದಲು ಏನನ್ನು ಗಮನಿಸಬೇಕು?

ಉತ್ತರ (ಮಂಗಳೂರು):
ಸೀಟಿನ ಬೆನ್ನಿನ ಹೊರಬದಿಯಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಸಣ್ಣ ಪಟ್ಟಿ ಹೊಲಿದಿದೆಯೇ ನೋಡಿ. ಇದ್ದರೆ ಏರ್‌ಬ್ಯಾಗ್ ಸೀಟಿನೊಳಗೇ ಇದೆ. ಸೀಟು ಹೋದರೆ ಅದೂ ಹೋಗುತ್ತದೆ. ಆಗ ಹೊತ್ತಿಕೊಳ್ಳುವ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಆರಲೆಂದು ಕೆಲವರು ಏರ್‌ಬ್ಯಾಗ್ ವೈರಿನ ಕನೆಕ್ಟರಿಗೆ ರೆಸಿಸ್ಟರ್ (ಏರ್‌ಬ್ಯಾಗ್ ಇನ್ನೂ ಇದೆಯೆಂದು ಕಾರನ್ನು ನಂಬಿಸುವ ಸಣ್ಣ ವಿದ್ಯುತ್ ಬಿಡಿಭಾಗ) ಸಿಕ್ಕಿಸುತ್ತಾರೆ. ದೀಪ ಆರುತ್ತದೆ, ರಕ್ಷಣೆ ಮರಳುವುದಿಲ್ಲ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಹಲವು ಕಾರುಗಳಲ್ಲಿ ಸೀಟ್ ಬೆಲ್ಟಿನ ಬಕಲ್ ಕೂಡ ಸೀಟಿನ ಚೌಕಟ್ಟಿಗೇ ಬೋಲ್ಟ್ ಆಗಿರುವುದರಿಂದ, ಅಪಘಾತದ ಹೊತ್ತಿನಲ್ಲಿ ಬೆಲ್ಟಿನ ಎಳೆತವನ್ನು ಸೀಟನ್ನು ಕಾರಿನ ನೆಲಕ್ಕೆ ಹಿಡಿದಿಡುವ ಬ್ರಾಕೆಟ್ಟೇ ತಡೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಗ್ಯಾರೇಜಿನಲ್ಲಿ ಅಂದಾಜಿಗೆ ವೆಲ್ಡ್ ಮಾಡಿದ ಬ್ರಾಕೆಟ್ಟನ್ನು ನಾನಂತೂ ನಂಬುವುದಿಲ್ಲ.

ಉತ್ತರ (ಕುಂದಾಪುರ):
ಮೇಲಿನವರ ಮಾತು ಸರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. ಸೊಂಟನೋವಷ್ಟೇ ಕಾರಣವಾದರೆ, ಮೂಲ ಸೀಟಿನ ಕುಳಿತುಕೊಳ್ಳುವ ಭಾಗದ ಎರಡೂ ಅಂಚುಗಳಿಗೆ ಗಟ್ಟಿ ಫೋಮ್ ತುಂಬಿಸುವುದು ಮೇಲು. ಬೆನ್ನಿನ ಭಾಗದಲ್ಲಿ ಏರ್‌ಬ್ಯಾಗ್ ಸೀಳಿಕೊಂಡು ಬರುವ ಹೊಲಿಗೆಯನ್ನು ಮಾತ್ರ ಮುಟ್ಟಿಸಬೇಡಿ, ಅದರ ಮೇಲೆ ಕವರನ್ನೂ ಹಾಕಿಸಬೇಡಿ.

ಪ್ರಶ್ನೆ ಕೇಳಿದವರು:
ಪಟ್ಟಿ ಇದೆ, ನೋಡಿದೆ. ಸೀಟು ಬದಲಿಸುವ ಯೋಚನೆ ಕೈಬಿಟ್ಟು, ಫೋಮ್ ಕೆಲಸ ತಿಳಿದವರನ್ನು ಹುಡುಕುತ್ತೇನೆ. ಇಬ್ಬರಿಗೂ ಧನ್ಯವಾದಗಳು.