ಹಾ ಥಾಯ್ ಹಳ್ಳಿಯ ಲ್ಯಾಕರ್ ಬಟ್ಟಲು: ಮರದ ಸೊನೆಯೋ, ಕಾರ್ಖಾನೆಯ ಬಣ್ಣವೋ?

ಹಾಲೆಮರ:
ವಿಯೆಟ್ನಾಮಿನ ಹನೋಯ್ ನಗರದ ದಕ್ಷಿಣಕ್ಕಿರುವ ಹಾ ಥಾಯ್ ಹಳ್ಳಿಯಿಂದ ಒಂದೆರಡು ಲ್ಯಾಕರ್ (ಹೊಳೆಯುವ ಗಟ್ಟಿ ಲೇಪದ) ಬಟ್ಟಲು ತರಬೇಕೆಂದಿದ್ದೇನೆ. ನೋಡಲು ಒಂದೇ ಥರ ಇರುವ ಬಟ್ಟಲುಗಳ ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ? ಇದೂ ನಮ್ಮ ಚನ್ನಪಟ್ಟಣದ ಅರಗಿನಂಥದ್ದೇನಾ? ಅಸಲಿಯನ್ನು ಗುರುತಿಸೋದು ಹೇಗೆ, ಬಿಸಿ ಸಾರು ಬಡಿಸಬಹುದಾ?

ಉಜ್ಜುಗಲ್ಲು:
ಅರಗಲ್ಲ. ಅರಗು ಕೀಟದಿಂದ ಬರುವುದು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ, ಮತ್ತೆ ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ವಿಯೆಟ್ನಾಮಿನ ಲ್ಯಾಕರ್, ಅಂದರೆ ‘ಸೋನ್ ತಾ’, ಒಂದು ಮರದ ಸೊನೆ. ಫು ಥೊ ಪ್ರಾಂತ್ಯದಲ್ಲಿ ಮರಕ್ಕೆ ಗೀರು ಹಾಕಿ, ಕೆಳಗೆ ಚಿಪ್ಪು ಸಿಕ್ಕಿಸಿ ಹಿಡಿಯುತ್ತಾರೆ. ಒಮ್ಮೆ ಗಟ್ಟಿಯಾದರೆ ಸ್ಪಿರಿಟ್ಟಿಗೂ ಕರಗದು.

ಇದು ಒಣಗಬೇಕಾದರೆ ತೇವ ಬೇಕು! ಸೊನೆಯಲ್ಲಿರುವ ಕಿಣ್ವ ಗಾಳಿಯ ಆಮ್ಲಜನಕ ಹಿಡಿದು ಅದನ್ನು ಗಟ್ಟಿ ಮಾಡುತ್ತದೆ. ಆ ಕಿಣ್ವಕ್ಕೆ ಶೇ 75–85ರಷ್ಟು ತೇವಾಂಶ, 20–30 ಡಿಗ್ರಿ ಬಿಸಿ ಹದ. ಅದಕ್ಕೇ ಒದ್ದೆ ಬಟ್ಟೆ ಇಳಿಬಿಟ್ಟ ಮುಚ್ಚಿದ ಕೋಣೆಯಲ್ಲಿ ಇಡುವುದು. ಒಣ ಗಾಳಿಯಲ್ಲಿಟ್ಟರೆ ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಲೇಪ ದಪ್ಪವಾದರೆ ಮೇಲೆ ಕೆನೆ ಕಟ್ಟಿ, ಒಳಗೆ ಹಸಿ ಉಳಿದು, ಸುಕ್ಕು ಬೀಳುತ್ತದೆ. ಸುಕ್ಕು ಬಿದ್ದ ಲೇಪವನ್ನು ಪೂರ್ತಿ ಉಜ್ಜಿ ತೆಗೆಯದೆ ಬೇರೆ ದಾರಿಯಿಲ್ಲ.

ಬೆಲೆ ಹೆಚ್ಚಲು ಕಾರಣ ಅಡಿಪಾಯ. ಬಿರುಕಿಗೆ ಸೊನೆ ಕಲೆಸಿದ ಮರದ ಹೊಟ್ಟು ತುಂಬುತ್ತಾರೆ. ಅದರ ಮೇಲೆ ಸೊನೆಯಿಂದಲೇ ತೆಳು ಬಟ್ಟೆ ಅಂಟಿಸುತ್ತಾರೆ. ಮರ ಹಿಗ್ಗಿ ಕುಗ್ಗಿದಾಗ ಮೇಲಿನ ಲೇಪ ಸೀಳದಂತೆ ತಡೆಯುವುದು ಈ ಬಟ್ಟೆ. ಆಮೇಲೆ ಸೊನೆಗೆ ನುಣ್ಣನೆಯ ಮೆಕ್ಕಲು ಮಣ್ಣು ಬೆರೆಸಿ ಹಲವು ಸಲ ಬಳಿಯುವುದು, ಪ್ರತಿ ಸಲವೂ ಒಣಗಿಸಿ ನೀರು ಹಾಕಿ ಉಜ್ಜುವುದು. ಬಣ್ಣ ಶುರುವಾಗುವುದೇ ಇಷ್ಟಾದ ಮೇಲೆ. ಒಟ್ಟು ಹತ್ತಕ್ಕೂ ಹೆಚ್ಚು ಲೇಪ, ತಿಂಗಳುಗಟ್ಟಲೆ ಕೆಲಸ. ಈ ಕೆಲಸಕ್ಕೆ ಅಲ್ಲಿರುವ ‘ಸೋನ್ ಮಾಯ್’ ಎಂಬ ಹೆಸರಿನಲ್ಲಿ ‘ಮಾಯ್’ ಅಂದರೆ ಉಜ್ಜುವುದು. ಕೊನೆಯ ಹೊಳಪು ಇದ್ದಿಲ ಪುಡಿ ಹಾಕಿ ಅಂಗೈಯಿಂದ ತಿಕ್ಕಿ ಬರಿಸಿದ್ದು.

ಕರಿಬಣ್ಣ:
ಗುರುತಿಸುವ ವಿಷಯಕ್ಕೆ: ಮೊದಲು ಬಿಳಿ ಬಣ್ಣ ನೋಡಿ. ಸೊನೆಯ ಸಹಜ ಬಣ್ಣವೇ ಕಂದು. ಪೈನ್ ಮರದ ರಾಳ ಸೇರಿಸಿ ಕಡೆದದ್ದಕ್ಕೆ ಅಲ್ಲಿನವರು ಜಿರಲೆ ರೆಕ್ಕೆಯ ಬಣ್ಣ ಅನ್ನುತ್ತಾರೆ, ಕಬ್ಬಿಣ ತಾಗುವಂತೆ ಕಡೆದರೆ ಕಪ್ಪು. ಹೀಗಾಗಿ ಇದರಲ್ಲಿ ಹಾಲುಬಿಳಿಯಾಗಲಿ ತಿಳಿ ಆಕಾಶ ನೀಲಿಯಾಗಲಿ ಬರುವುದಿಲ್ಲ. ಅಂಥ ಬಣ್ಣದ ಬಟ್ಟಲು ಕಾರ್ಖಾನೆಯ ಬಣ್ಣದ್ದು. ಅಸಲಿಯಲ್ಲಿ ಬಿಳಿ ಬೇಕಾದರೆ ಮೊಟ್ಟೆ ಚಿಪ್ಪು, ಹೆಚ್ಚಾಗಿ ಬಾತುಕೋಳಿಯದು. ಒಳಪೊರೆ ಪೂರ್ತಿ ಬಿಡಿಸಿ, ಹಸಿ ಲೇಪದ ಮೇಲಿಟ್ಟು, ಮೆಲ್ಲಗೆ ತಟ್ಟಿ ಒಡೆಯುತ್ತಾರೆ. ಪೊರೆ ಉಳಿದರೆ ಸೊನೆ ಹಿಡಿಯದೆ ಚಿಪ್ಪು ಏಳುತ್ತದೆ. ಉಗುರಿನಿಂದ ಸವರಿ: ಚಿಪ್ಪು, ಲೇಪ ಒಂದೇ ಮಟ್ಟಕ್ಕಿರಬೇಕು.

ಗೇರುಬೀಜದ ಸಿಪ್ಪೆ ಎಣ್ಣೆಯಿಂದ ಮಾಡಿದ ಬಣ್ಣವೂ ಚಲಾವಣೆಯಲ್ಲಿದೆ. ಬೇಗ ಒಣಗುತ್ತದೆ, ಅಗ್ಗ. ನನ್ನ ಮಟ್ಟಿಗೆ ಅದು ಕೆಟ್ಟದ್ದಲ್ಲ, ಆದರೆ ಸೋನ್ ತಾ ಎಂದು ಹೇಳಿ ಮಾರುವುದು ಮೋಸ. ಸ್ಪಿರಿಟ್ ಹಚ್ಚಿ ನೋಡುವ ಪರೀಕ್ಷೆಯನ್ನು ನೆಚ್ಚಬೇಡಿ, ಕಾರ್ಖಾನೆಯ ಪಾಲಿಯುರೆಥೇನ್ ಬಣ್ಣ ಕೂಡ ಅದಕ್ಕೆ ಜಗ್ಗುವುದಿಲ್ಲ. ಅದರ ಬದಲು ಅರ್ಧ ಆದ ಬಟ್ಟಲು ತೋರಿಸಿ ಎಂದು ಕೇಳಿ. ಬಟ್ಟೆ, ಮಣ್ಣಿನ ಲೇಪ ಕಂಡರೆ ಅಡಿಪಾಯವಾದರೂ ಸರಿ ಅಂತ ಗೊತ್ತಾಗುತ್ತದೆ.

ಹಾಲೆಮರ:
ತುಂಬಾ ಉಪಯೋಗವಾಯಿತು ಸರ್. ಕಾರ್ಯಾಗಾರದಲ್ಲಿ ಮುಟ್ಟಿ ನೋಡಿದರೆ ತೊಂದರೆ ಇಲ್ಲ ತಾನೆ?

ಮಾವಿನತೋಪು:
ಗಟ್ಟಿಯಾದದ್ದನ್ನು ಮುಟ್ಟಬಹುದು. ಹಸಿ ಸೊನೆ ಬೇಡವೇ ಬೇಡ. ಈ ಮರ ಮಾವು, ಗೇರಿನ ಕುಟುಂಬದ್ದೇ. ಮಾವಿನ ಸೊನೆಗೆ ಬೊಬ್ಬೆ ಏಳುವವರು ದೂರವೇ ನಿಲ್ಲಿ. ತುರಿಕೆ, ಗುಳ್ಳೆ ಒಂದೆರಡು ದಿನ ಬಿಟ್ಟು ಏಳುವುದರಿಂದ ಕಾರಣ ಏನೆಂದೇ ಹೊಳೆಯುವುದಿಲ್ಲ. ಕೈಗೆ ತಾಗಿದರೆ ಮೊದಲು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ.

ಬಿಸಿ ಸಾರಿಗೆ ಬೇಡ. ಪೂರ್ತಿ ಗಟ್ಟಿಯಾದ ಸೊನೆ ಬಿಸಿ ತಡೆಯುತ್ತದೆ ನಿಜ, ಆದರೆ ಅಂಗಡಿಯ ಬಟ್ಟಲಿನ ಅಡಿಯಲ್ಲಿ ಯಾವ ಬಣ್ಣ, ಯಾವ ಅಂಟು ಇದೆಯೋ ನಿಮಗೆ ಕಾಣುವುದಿಲ್ಲ. ಒಣ ಹಣ್ಣು, ಕುರುಕಲು ಇಡಿ. ಮೈಕ್ರೋವೇವ್, ಡಿಶ್‌ವಾಶರ್ ಎರಡೂ ಬೇಡ. ನೇರ ಬಿಸಿಲಿಗೆ ಹೊಳಪು ಸಾಯುತ್ತದೆ. ಏಸಿ ಗಾಳಿ ನೇರ ಬಡಿದರೆ ಮರ ಒಣಗಿ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ.