ಸಹಾಯ ಬೇಕು: ಸ್ಕೀವೋಲಾ ಗೆಲ್ಲುಗಳು ಬುಡದಲ್ಲೇ ಕೊಳೆಯುತ್ತಿವೆ

ಕುಂದಾಪುರ ಕಡೆಯ ಮರಳು ದಿಬ್ಬಕ್ಕೆ ಸ್ಕೀವೋಲಾ ಟಕಾಡ ಅನ್ನುವ ಕಡಲತೀರದ ಪೊದೆಗಿಡ ಮಾಡ್ತಾ ಇದ್ದೇವೆ. ಐದೂ ಬಿಳಿ ಎಸಳು ಒಂದೇ ಕಡೆಗೆ ಬೀಸಣಿಗೆ ಹಾಗೆ ಹರಡಿ, ಅರ್ಧ ಹೂವನ್ನು ಯಾರೋ ಕಿತ್ತ ಹಾಗೆ ಕಾಣುತ್ತದಲ್ಲ, ಅದೇ.

ಬಿಳಿ ಹಣ್ಣಿನ ತಿರುಳು ತೆಗೆದು, ಸಿಹಿನೀರಲ್ಲಿ ಒಂದು ದಿನ ನೆನೆಸಿ ಬೀಜವನ್ನೂ ಹಾಕಿದ್ದೇವೆ. ಅದು ನಿಧಾನ, ಕಾಯಬಹುದು. ತಲೆನೋವು ಊರಲು ಕತ್ತರಿಸಿದ ಗೆಲ್ಲಿನದು (ಕೊಂಬೆಯ ತುಂಡು).

ಅರೆಬಲಿತ ಗೆಲ್ಲು, 20 ಸೆಂ.ಮೀ. ಉದ್ದ. ಗೆಣ್ಣಿನ ಕೆಳಗೆ ಕತ್ತರಿಸಿ, ತುದಿಯ 3–4 ಎಲೆ ಮಾತ್ರ ಬಿಟ್ಟು, ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲ) ಮೂರು ಪಾಲು ಹೊಯ್ಗೆ (ಮರಳು), ಒಂದು ಪಾಲು ತೆಂಗಿನ ನಾರಿನ ಪುಡಿ ತುಂಬಿ ಊರಿದ್ದು. ನೆರಳುಬಲೆಯ ಕೆಳಗೆ, ದಿನಕ್ಕೊಮ್ಮೆ ನೀರು. 40ರಲ್ಲಿ 27 ಗೆಲ್ಲು 12 ದಿನದೊಳಗೆ ಹೊಯ್ಗೆಯ ಮಟ್ಟದಲ್ಲೇ ಕಪ್ಪಾದವು. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಸಿಪ್ಪೆ ಜಾರಿ ಬರುತ್ತದೆ. ಮೇಲಿನ ಎಲೆ ಮಾತ್ರ ಆಗಲೂ ಹಸಿರು! ಎರಡನೇ ಸಲ ನೀರನ್ನು ಎರಡು ದಿನಕ್ಕೊಮ್ಮೆ ಮಾಡಿದರೂ ಅದೇ ಗತಿ. ಕತ್ತರಿಸಿದ ಗಾಯ ಆರುವ ಮುಂಚೆ ಊರಿದ್ದು ತಪ್ಪೋ, ನಾರಿನ ಪುಡಿ ನೀರು ಹಿಡಿದದ್ದೋ ತಿಳೀತಿಲ್ಲ.

ಈ ಗಿಡ ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ: ಗೆಲ್ಲನ್ನು ಎಷ್ಟು ದಿನ ನೆರಳಲ್ಲಿ ಆರಿಸಿ ಊರಬೇಕು? ಬರೀ ಹೊಯ್ಗೆ ಸಾಕಾ? ಅಥವಾ ತೊಟ್ಟೆಯೇ ಬೇಡ, ಜೂನ್ ಮಳೆ ಹಿಡಿದ ಮೇಲೆ ಉಬ್ಬರದ ಗೆರೆಗಿಂತ ಮೇಲೆ ನೇರ ದಿಬ್ಬದಲ್ಲೇ ಊರುವುದಾದರೆ ಎಷ್ಟು ಆಳ ಇಡಬೇಕು?