ಅಪ್‌ಡೇಟ್: ನಮ್ಮ ಜೀನ್ಸ್ ವೆಬ್‌ಸೈಟ್‌ಗೆ ಈಗ ಬೇಕಾದವರೇ ಬರುತ್ತಿದ್ದಾರೆ

ಮೂರು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿದೆಯಾ? ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ವೆಬ್‌ಸೈಟ್ ನೋಡುವವರು ಜಾಸ್ತಿ, ಆರ್ಡರ್ ಮಾತ್ರ ಇಲ್ಲ ಅಂತ. "ಗಿರಾಕಿಗಳು ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಮಾತನ್ನೇ ಪುಟದಲ್ಲಿ ಬರೆಯಿರಿ" ಅಂದಿದ್ದಿರಿ.

ಮೊದಲು ಗೂಗಲ್ ಸರ್ಚ್ ಕನ್ಸೋಲ್ (ವೆಬ್‌ಸೈಟ್ ಇರುವವರಿಗೆ ಗೂಗಲ್ ಕೊಡುವ ಟೂಲ್) ತೆರೆದೆ. ಜನ ಏನು ಟೈಪ್ ಮಾಡಿ ಬಂದರು ಅನ್ನೋದು 16 ತಿಂಗಳವರೆಗೂ ಅಲ್ಲಿ ಸಿಗುತ್ತದೆ. ಬಂದವರಲ್ಲಿ ಹೆಚ್ಚಿನವರು 'ಜೀನ್ಸ್ ಪ್ಯಾಂಟ್ ರೇಟ್' ಅಂತ ಹುಡುಕಿದವರು. ಅವರಿಗೆ ಬೇಕಿದ್ದದ್ದು ಒಂದೇ ಪ್ಯಾಂಟ್. ನಮ್ಮದು ಹೋಲ್‌ಸೇಲ್ ಅಲ್ವಾ!

ಆಮೇಲೆ ಅಣ್ಣ ಫೋನ್ ಆರ್ಡರ್ ಬರೆದುಕೊಳ್ಳುವ ನೋಟ್‌ಬುಕ್ ತೆಗೆದೆ. ನಿಜವಾದ ನಿಧಿ ಅದೇ. "ಮಕ್ಕಳ ಜೀನ್ಸ್ 20ರಿಂದ 30 ಸೈಜ್ ಸೆಟ್ ಇದೆಯಾ?", "ನಮ್ಮ ಲೇಬಲ್ ಹಾಕಿ ಹೊಲಿದು ಕೊಡ್ತೀರಾ?" ಇಂಥ ಒಂದೊಂದು ಪ್ರಶ್ನೆಗೂ ಒಂದು ಪುಟ ಮಾಡಿದೆ. ಒಂದರ ತಲೆಬರಹ 'ಬಳ್ಳಾರಿ ಮಕ್ಕಳ ಜೀನ್ಸ್ ಹೋಲ್‌ಸೇಲ್'. ಕೆಳಗೆ ಕನಿಷ್ಠ ಎಷ್ಟು ಪೀಸ್, ರೇಟ್ ಎಷ್ಟು, ಯಾವ ಬಟ್ಟೆ, ಯಾವ ವಾಷ್, ಪಾರ್ಸೆಲ್ ಖರ್ಚು ಯಾರದು, ಎಲ್ಲ ಬಿಡಿಸಿ ಬರೆದೆ. ಮೆಟಾ ಕೀವರ್ಡ್ಸ್ (ಓದುವವರಿಗೆ ಕಾಣದ ಹಾಗೆ ಪುಟದ ಕೋಡ್‌ನಲ್ಲಿ ಬರೆಯುವ ಪದಗಳ ಪಟ್ಟಿ) ಗೋಜಿಗೆ ಹೋಗಲಿಲ್ಲ. ರ‍್ಯಾಂಕಿಂಗ್‌ಗೆ (ಹುಡುಕಿದಾಗ ಯಾವ ಪುಟ ಮೇಲೆ ಬರಬೇಕು ಅನ್ನೋದಕ್ಕೆ) ಅದನ್ನು ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಹೋಮ್ ಪೇಜ್ ತಲೆಬರಹವನ್ನೂ ಬದಲಿಸಿದ ಮೇಲೆ ನೋಡುವವರು ಕಡಿಮೆಯಾದರು. ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ಸಿಂಧನೂರಿನಿಂದ ಅಂಗಡಿಯವರೊಬ್ಬರ ಫೋನ್ ಬಂತು: "ಸಾರ್, ನೀವು ಬರೆದಿರೋ ಸೆಟ್ಟೇ ಬೇಕು, ಯಾವಾಗ ಕಳಿಸ್ತೀರಿ?" ರೇಟ್ ಕೂಡ ಕೇಳಲಿಲ್ಲ, ಪುಟದಲ್ಲೇ ಓದಿದ್ದರು. ಈಗ ವಾರಕ್ಕೆ ನಾಲ್ಕೈದು ಇಂಥ ಫೋನ್ ಬರುತ್ತವೆ.

ಆಂಧ್ರದ ಗಿರಾಕಿಗಳು ತೆಲುಗಿನಲ್ಲಿ ಹುಡುಕುತ್ತಾರೆ. ಮುಂದಿನ ಪುಟ ಅವರಿಗೆ. ದಾರಿ ತೋರಿಸಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.